ಜಾಸ್ತಿ ಹೋರಾಡಿದ ಮರಿಗಳೇ ಸತ್ತವು: ಸಾಲ್ಮನ್ ಸಾಕಣೆಯ ಐಪಿಎನ್ ಪ್ರಕರಣ

ಮೀನಿನ ವೈರಸ್ ರೋಗಗಳ ಬಗ್ಗೆ ಬರುವ ಸಂಶೋಧನಾ ಲೇಖನಗಳನ್ನು ನಾಲ್ಕಾರು ಓದಿದರೆ ಸಾಕು, ಒಂದು ಮಾತು ಎಲ್ಲದರಲ್ಲೂ ಸಿಗುತ್ತದೆ. ಸೋಂಕು ತಗುಲಿದ ಮೀನಿನಲ್ಲಿ ವೈರಸ್ ತಡೆಯುವ ಜೀನ್‌ಗಳ ಚಟುವಟಿಕೆ ಜೋರಾಗಿತ್ತು, ಇಂಟರ್‌ಫೆರಾನ್ ಜೀನ್ ಇಷ್ಟು ಪಟ್ಟು ಏರಿತ್ತು, ಎಂಎಕ್ಸ್ ಜೀನ್ ಅಷ್ಟು ಪಟ್ಟು ಏರಿತ್ತು ಅಂತ. ಓದಿದವರಿಗೆ ಸಹಜವಾಗಿಯೇ ಅನಿಸುತ್ತದೆ: ಪರವಾಗಿಲ್ಲ, ಮೀನು ಚೆನ್ನಾಗಿ ಹೋರಾಡುತ್ತಿದೆ. ಏರಿಕೆ ಜಾಸ್ತಿ ಇದ್ದಷ್ಟೂ ಮೀನು ಗಟ್ಟಿ, ಅಲ್ವಾ?

ಹಾಗೇನೂ ಇಲ್ಲ. ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ನಾರ್ವೆ ಮತ್ತು ಸ್ಕಾಟ್ಲೆಂಡ್‌ನ ಅಟ್ಲಾಂಟಿಕ್ ಸಾಲ್ಮನ್ ಸಾಕಣೆ. ಅಲ್ಲಿನ ರೋಗದ ಪೂರ್ತಿ ಹೆಸರು ಇನ್ಫೆಕ್ಷಿಯಸ್ ಪ್ಯಾಂಕ್ರಿಯಾಟಿಕ್ ನೆಕ್ರೋಸಿಸ್. ಅಂದರೆ ಮೇದೋಜೀರಕ ಗ್ರಂಥಿಯ ಜೀವಕೋಶಗಳನ್ನು ಸಾಯಿಸುವ ಅಂಟುರೋಗ. ಬಾಯಿಮಾತಿನಲ್ಲಿ ಎಲ್ಲರೂ ಐಪಿಎನ್ ಅನ್ನುತ್ತಾರೆ. ಈ ಪ್ರಕರಣದಲ್ಲಿ ರೋಗ ಇದೆ, ಅದನ್ನು ತಡೆಯುವ ಜೀನ್‌ನ ಹುಡುಕಾಟ ಇದೆ, ಮರಿಗಳ ಜೀನ್ ಚಟುವಟಿಕೆಯ ಅಳತೆ ಇದೆ, ಕೊನೆಗೆ ವೈರಸ್ ಕೊಟ್ಟ ತಿರುಗೇಟೂ ಇದೆ. ಒಂದೇ ರೋಗದಲ್ಲಿ ಇಷ್ಟೆಲ್ಲ ಒಟ್ಟಿಗೆ ಸಿಗುವುದು ಅಪರೂಪ.

ತೊಟ್ಟಿಯಲ್ಲಿ ಕಾಣುವುದು

ರೋಗ ಹೊಸದಲ್ಲ. ಉತ್ತರ ಅಮೆರಿಕದ ಟ್ರೌಟ್ ಮರಿಗಳಲ್ಲಿ ಇಂಥ ಸಾವುಗಳನ್ನು 1940ರ ದಶಕದಲ್ಲೇ ಗುರುತಿಸಿದ್ದರು. ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಬೆಳೆಸಿ ಬೇರ್ಪಡಿಸಿದ ಮೊದಲ ಮೀನು ವೈರಸ್ ಕೂಡ ಇದೇ. ನಾರ್ವೆಯಲ್ಲಿ ಮೊದಲು ಸಿಕ್ಕಿದ್ದು 1975ರಲ್ಲಿ.

ವೈರಸ್ ಬಿರ್ನಾವೈರಸ್ ಕುಟುಂಬದ್ದು. ಅಡ್ಡಳತೆ ಸುಮಾರು 60 ನ್ಯಾನೋಮೀಟರ್. ಒಳಗೆ ಎರಡು ತುಂಡು ಆರ್‌ಎನ್‌ಎ, ಪ್ರತಿ ತುಂಡೂ ಜೋಡಿ ಎಳೆಯದ್ದು. ಮೇಲೆ ಕೊಬ್ಬಿನ ಹೊದಿಕೆ ಇಲ್ಲ. ಆದ್ದರಿಂದ ಮೀನಿನ ಹೊರಗೂ ಅದು ಸುಲಭಕ್ಕೆ ಸಾಯುವುದಿಲ್ಲ. ನೀರಲ್ಲಿ, ಪೈಪಿನಲ್ಲಿ, ತೊಟ್ಟಿಯ ಗೋಡೆಯಲ್ಲಿ ಉಳಿದುಕೊಂಡು ಒಂದು ಮರಿ ಕೇಂದ್ರದಲ್ಲಿ ವರ್ಷಗಟ್ಟಲೆ ಠಿಕಾಣಿ ಹೂಡಬಲ್ಲದು. ಹೀಗೆ ಒಂದೇ ಕಡೆ ನೆಲೆಸಿದ ವೈರಸ್ಸನ್ನು ನಾರ್ವೆಯವರು ‘ಮನೆ ತಳಿ’ ಅಂತಲೇ ಕರೆಯುತ್ತಾರೆ.

ಸಾಲ್ಮನ್ ಬದುಕಿನಲ್ಲಿ ಅಪಾಯದ ಹೊತ್ತು ಎರಡು. ಒಂದು, ಹೊಟ್ಟೆಯಡಿಯ ಹಳದಿ ಚೀಲ ಕರಗಿ ಮರಿ ಮೊದಲ ಬಾರಿಗೆ ಮೇವು ತಿನ್ನಲು ಶುರು ಮಾಡುವಾಗ. ಇನ್ನೊಂದು, ಬೆಳೆದ ಮೀನನ್ನು ಸಿಹಿನೀರಿನಿಂದ ಸಮುದ್ರದ ಬಲೆಪಂಜರಕ್ಕೆ ಸಾಗಿಸಿದ ಮೊದಲ ಕೆಲವು ವಾರ. ಮರಿಗಳಲ್ಲಿ ಬಂದರೆ ನೋಡಲು ಸಂಕಟ. ಮೈ ಕಪ್ಪಾಗುತ್ತದೆ. ಹೊಟ್ಟೆ ಉಬ್ಬುತ್ತದೆ, ಕಣ್ಣು ಹೊರಗೆ ಚಾಚುತ್ತದೆ. ಮರಿ ನೇರ ಈಜಲಾರದೆ ಮೈ ತಿರುಚಿಕೊಂಡು ಗಿರಗಿರ ಸುತ್ತುತ್ತಾ ಹೋಗುತ್ತದೆ, ಆಮೇಲೆ ತಳಕ್ಕೆ ಬಿದ್ದು ಸುಮ್ನೆ ಉಸಿರಾಡುತ್ತಿರುತ್ತದೆ. ಹಿಂದೆ ಬಿಳಿ ಎಳೆಯೊಂದು ಜೋತಾಡುತ್ತಿರುತ್ತದೆ, ಅದು ಲೋಳೆ ತುಂಬಿದ ಮಲ. ಕೊಯ್ದು ನೋಡಿದರೆ ಲಿವರ್ ಬಿಳಿಚಿರುತ್ತದೆ, ಕರುಳಿನಲ್ಲಿ ಮೇವೇ ಇರುವುದಿಲ್ಲ.

ಬದುಕಿ ಉಳಿದ ಮೀನುಗಳ ಕಥೆಯೂ ಅಷ್ಟು ಸುಖದ್ದಲ್ಲ. ಅವುಗಳ ಕಿಡ್ನಿಯ ಮುಂಭಾಗದಲ್ಲಿರುವ ಮ್ಯಾಕ್ರೋಫೇಜ್ ಅನ್ನುವ ನಿರೋಧಕ ಕೋಶಗಳಲ್ಲಿ ವೈರಸ್ ಸದ್ದಿಲ್ಲದೆ ಉಳಿದುಬಿಡುತ್ತದೆ. ಮೀನು ಆರೋಗ್ಯವಾಗಿ ಕಂಡರೂ ವೈರಸ್ ಹೊತ್ತು ತಿರುಗುತ್ತದೆ.

ಲಸಿಕೆ ಇಲ್ವಾ ಅಂದರೆ, ಇದೆ. ಆದರೆ ಅದನ್ನು ಹೊಟ್ಟೆಗೆ ಚುಚ್ಚಬೇಕು, ಮೀನು ಹತ್ತಾರು ಗ್ರಾಮ್ ತೂಗುವವರೆಗೆ ಕಾಯಬೇಕು. ಮೇವು ತಿನ್ನಲು ಶುರು ಮಾಡಿದ ಮರಿಯ ತೂಕ ಒಂದು ಗ್ರಾಮ್ ಕೂಡ ಇರುವುದಿಲ್ಲ. ಲಸಿಕೆಯನ್ನು ನೆನಪಿಟ್ಟುಕೊಳ್ಳುವಷ್ಟು ಅದರ ರೋಗನಿರೋಧಕ ವ್ಯವಸ್ಥೆಯೂ ಬಲಿತಿರುವುದಿಲ್ಲ. ಹಾಗಾಗಿ ಮೊದಲ ಅಪಾಯದ ಹೊತ್ತಿನಲ್ಲಿ ಮರಿಗೆ ಇರುವುದು ಹುಟ್ಟಿನಿಂದ ಬಂದ ರಕ್ಷಣೆ ಮಾತ್ರ. ಅದರಲ್ಲಿ ಮುಖ್ಯವಾದದ್ದು ಇಂಟರ್‌ಫೆರಾನ್.

ಇಂಟರ್‌ಫೆರಾನ್ ಮಾಡುವುದೇನು

ಆರೋಗ್ಯವಂತ ಕೋಶದಲ್ಲಿ ಉದ್ದನೆಯ ಜೋಡಿ ಎಳೆಯ ಆರ್‌ಎನ್‌ಎ ಹೆಚ್ಚು ಇರುವುದಿಲ್ಲ. ಅದು ಕಂಡರೆ ವೈರಸ್ ಬಂದಿದೆ ಅಂತಲೇ ಲೆಕ್ಕ. ಮೀನಿನ ಕೋಶದಲ್ಲಿ ಅದನ್ನು ಗುರುತಿಸುವ ಪ್ರೊಟೀನ್‌ಗಳಿವೆ: ಟಿಎಲ್‌ಆರ್3, ಮನುಷ್ಯರಲ್ಲಿ ಇಲ್ಲದ ಟಿಎಲ್‌ಆರ್22, ಎಂಡಿಎ5 ಇತ್ಯಾದಿ. ಅವು ಸುದ್ದಿ ಮುಟ್ಟಿಸಿದ ಮೇಲೆ ಕೋಶ ಇಂಟರ್‌ಫೆರಾನ್ ಬಿಡುತ್ತದೆ. ಅದು ಅಕ್ಕಪಕ್ಕದ ಕೋಶಗಳಿಗೆ ತಲುಪಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಎಂಎಕ್ಸ್, ವೈಪೆರಿನ್, ಪಿಕೆಆರ್, ಐಎಸ್‌ಜಿ15 ಅಂತ ಪಟ್ಟಿ ಉದ್ದ ಇದೆ.

ಇವು ಕೆಲಸಕ್ಕೆ ಬಾರದವು ಅಂತ ನಾನು ಹೇಳುತ್ತಿಲ್ಲ. ಸಾಲ್ಮನ್‌ನ ಎಂಎಕ್ಸ್ ಪ್ರೊಟೀನನ್ನು ಮೊದಲೇ ತಯಾರಿಸಿಟ್ಟುಕೊಂಡ ಕೋಶಗಳಲ್ಲಿ ಐಪಿಎನ್ ವೈರಸ್ ಸರಿಯಾಗಿ ಬೆಳೆಯುವುದಿಲ್ಲ ಅಂತ 2004ರಲ್ಲೇ ತೋರಿಸಿದ್ದಾರೆ. ಇಂಟರ್‌ಫೆರಾನ್ ಮೊದಲೇ ಕೊಟ್ಟ ಕೋಶಗಳೂ ತಡೆದುಕೊಳ್ಳುತ್ತವೆ. ಇಲ್ಲಿ ‘ಮೊದಲೇ’ ಅನ್ನುವುದನ್ನು ಗಮನಿಸಿ. ವೈರಸ್ ಕೂಡ ಕೈಕಟ್ಟಿ ಕೂರುವುದಿಲ್ಲ. ಅದರ ವಿಪಿ4 ಮತ್ತು ವಿಪಿ5 ಪ್ರೊಟೀನ್‌ಗಳು ಇಂಟರ್‌ಫೆರಾನ್ ಸಂಕೇತವನ್ನೇ ಅದುಮಬಲ್ಲವು. ಅಂದರೆ ಗೆಲ್ಲುವುದು ಸೋಲುವುದು ತುಂಬಾ ಮಟ್ಟಿಗೆ ಸಮಯದ ಪ್ರಶ್ನೆ. ಕೋಶದ ತುಂಬಾ ವೈರಸ್ ಆದ ಮೇಲೆ ಎಂಎಕ್ಸ್ ಏರಿದರೆ ಅದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ಒಂದೇ ಜಾಗದತ್ತ ಬೆರಳು

ಸಾಲ್ಮನ್ ಹೆಣ್ಣು ಒಂದೇ ಸಲಕ್ಕೆ ಸಾವಿರಾರು ಮೊಟ್ಟೆ ಕೊಡುತ್ತದೆ. ಒಂದೇ ತಂದೆ ತಾಯಿಯ ಸಾವಿರಾರು ಮರಿ ಸಿಗುವುದರಿಂದ ತಳಿಶಾಸ್ತ್ರದವರಿಗೆ ಇದು ಹಬ್ಬ. ಬೇರೆ ಬೇರೆ ಕುಟುಂಬಗಳ ಮರಿಗಳಿಗೆ ಬೇಕಂತಲೇ ವೈರಸ್ ತಗುಲಿಸಿ ನೋಡಿದಾಗ ವ್ಯತ್ಯಾಸ ದಂಗುಬಡಿಸುವಂತಿತ್ತು. ಕೆಲವು ಕುಟುಂಬಗಳಲ್ಲಿ ಮರಿಗಳು ರಾಶಿ ರಾಶಿ ಸತ್ತವು. ಕೆಲವು ಕುಟುಂಬಗಳಲ್ಲಿ ಒಂದೂ ಸಾಯಲಿಲ್ಲ.

ರೋಗ ತಡೆಯುವ ಗುಣದಲ್ಲಿ ಸಾಮಾನ್ಯವಾಗಿ ನೂರಾರು ಜೀನ್‌ಗಳ ಪಾಲು ಇರುತ್ತದೆ, ಒಂದೊಂದರದ್ದೂ ಚೂರು ಚೂರು. ಇಲ್ಲಿ ಹಾಗಾಗಲಿಲ್ಲ. 2008ರಲ್ಲಿ ಸ್ಕಾಟ್ಲೆಂಡ್‌ನ ರಾಸ್ಲಿನ್ ಸಂಸ್ಥೆಯ ರಾಸ್ ಹೂಸ್ಟನ್ ತಂಡ ಸಮುದ್ರದಲ್ಲಿ ರೋಗಕ್ಕೆ ಸಿಕ್ಕ ಮೀನುಗಳಲ್ಲಿ ಒಂದು ಜಾಗವನ್ನು ಪತ್ತೆ ಮಾಡಿತು. 2009ರಲ್ಲಿ ನಾರ್ವೆಯ ಥಾಮಸ್ ಮೋಯೆನ್ ತಂಡವೂ ತಮ್ಮ ಮೀನುಗಳಲ್ಲಿ ಅದೇ ಜಾಗಕ್ಕೆ ಬಂದು ನಿಂತಿತು. ಅದು 26ನೇ ಕ್ರೋಮೋಸೋಮ್‌ನಲ್ಲಿದೆ. ಮೀನಿನಿಂದ ಮೀನಿಗೆ ಇರುವ ಆನುವಂಶಿಕ ವ್ಯತ್ಯಾಸದ ಬಹುಪಾಲು ಈ ಒಂದೇ ಜಾಗದಿಂದ ಬರುತ್ತಿತ್ತು. ಎರಡು ದೇಶ, ಎರಡು ತಂಡ, ಒಂದೇ ಉತ್ತರ. ವಿಜ್ಞಾನದಲ್ಲಿ ಇಷ್ಟು ನಿಚ್ಚಳವಾಗಿ ಬೆರಳು ತೋರಿಸುವ ಫಲಿತಾಂಶ ಕಡಿಮೆ.

ಅಲ್ಲಿರುವುದು ಎಂಥ ಜೀನ್? ಯಾರಿಗಾದರೂ ಮೊದಲು ಹೊಳೆಯುವುದು ಇದು: ಯಾವುದೋ ರೋಗನಿರೋಧಕ ಜೀನ್ ಇರಬೇಕು, ಗಟ್ಟಿ ಮೀನುಗಳಲ್ಲಿ ಅದು ಜೋರಾಗಿ ಕೆಲಸ ಮಾಡುತ್ತಿರಬೇಕು. ಅದನ್ನು ಪರೀಕ್ಷಿಸಲು ಇರುವ ದಾರಿ ಮರಿಗಳ ಜೀನ್ ಚಟುವಟಿಕೆಯನ್ನು ಅಳೆಯುವುದು.

1, 7, 20ನೇ ದಿನ

ಹೂಸ್ಟನ್ ಅವರೂ ಇದ್ದ ತಂಡವೊಂದರ ಕೆಲಸ 2016ರಲ್ಲಿ ಪ್ರಕಟವಾಯಿತು. ರೋಗ ತಡೆದುಕೊಳ್ಳುವ ಎರಡು ಗಟ್ಟಿ ಕುಟುಂಬ, ರೋಗಕ್ಕೆ ಸುಲಭವಾಗಿ ಬಲಿಯಾಗುವ ಎರಡು ಸೂಕ್ಷ್ಮ ಕುಟುಂಬ. ಎಲ್ಲ ಮರಿಗಳಿಗೂ ವೈರಸ್ ಕೊಟ್ಟು 1ನೇ ದಿನ, 7ನೇ ದಿನ, 20ನೇ ದಿನ ಮಾದರಿ ತೆಗೆದರು. ಒಂದೆರಡು ಜೀನ್ ಅಲ್ಲ, ಜೀನೋಮ್‌ನ ಉದ್ದಗಲಕ್ಕೂ ಯಾವುದು ಏರಿದೆ ಯಾವುದು ಇಳಿದಿದೆ ಅಂತ ನೋಡಿದರು.

ನಿರೀಕ್ಷೆ ತಲೆಕೆಳಗಾಯಿತು. ಸೈಟೋಕೈನ್ (ನಿರೋಧಕ ಕೋಶಗಳ ನಡುವೆ ಸಂದೇಶ ಒಯ್ಯುವ ಪ್ರೊಟೀನ್) ಮತ್ತು ಉರಿಯೂತದ ಜೀನ್‌ಗಳು ಜೋರಾಗಿ ಎದ್ದದ್ದು ಸೂಕ್ಷ್ಮ ಮರಿಗಳಲ್ಲಿ. ಗಟ್ಟಿ ಮರಿಗಳ ಪ್ರತಿಕ್ರಿಯೆ ತೀರಾ ಹಿತಮಿತವಾಗಿತ್ತು. ಅವುಗಳಲ್ಲಿ ಎದ್ದು ಕಂಡದ್ದು ಎಂ2 ಮಾದರಿಯ ಮ್ಯಾಕ್ರೋಫೇಜ್‌ಗಳಿಗೆ ಸಂಬಂಧಿಸಿದ ಜೀನ್‌ಗಳು. ಉರಿಯೂತವನ್ನು ತಣಿಸಿ ಗಾಯ ದುರಸ್ತಿ ಮಾಡುವ ಕಡೆಗೆ ವಾಲುವ ಕೋಶಗಳು ಅವು. ಅಬ್ಬರಿಸಿದ ಮರಿಗಳು ಸತ್ತವು, ಮೆತ್ತಗಿದ್ದವು ಬದುಕಿದವು.

ಇದೇ ಅಧ್ಯಯನದಲ್ಲಿ ಇನ್ನೊಂದು ಫಲಿತಾಂಶ ಇದೆ. ನನ್ನ ಪ್ರಕಾರ ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಗಟ್ಟಿ ಮರಿಗಳಲ್ಲೂ ವೈರಸ್ ಇತ್ತು. ಮೂರೂ ಸಲ ಸಿಕ್ಕಿತು. ಸೂಕ್ಷ್ಮ ಮರಿಗಳಿಗಿಂತ ಸಾಮಾನ್ಯವಾಗಿ ಕಡಿಮೆ ಇತ್ತು, ಅಷ್ಟೇ. ಅಂದರೆ ಗಟ್ಟಿ ಮರಿಗೆ ಸೋಂಕೇ ತಗಲುವುದಿಲ್ಲ ಅನ್ನುವಂತಿಲ್ಲ. ಸೋಂಕು ತಗುಲಿದರೂ ಅದು ಸಾಯುವುದಿಲ್ಲ. ಮುಂದೆ ಯಾವ ಜೀನ್ ಕಾರಣ ಅನ್ನುವ ಜಗಳದಲ್ಲಿ ಇದು ಕೆಲಸಕ್ಕೆ ಬರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ

ಜೋರು ಪ್ರತಿಕ್ರಿಯೆ ಯಾಕೆ ಮೋಸ ಮಾಡುತ್ತದೆ ಅನ್ನುವುದು ಸಂಖ್ಯೆ ಇಟ್ಟು ನೋಡಿದರೆ ತಕ್ಷಣ ಅರ್ಥವಾಗುತ್ತದೆ. ಜೀನ್ ಚಟುವಟಿಕೆ ಅಳೆಯಲು ದಿನನಿತ್ಯ ಬಳಸುವುದು ರಿಯಲ್ ಟೈಮ್ ಪಿಸಿಆರ್. ಪ್ರತಿ ಸುತ್ತಿಗೂ ನಕಲು ಹೆಚ್ಚುಕಮ್ಮಿ ಎರಡು ಪಟ್ಟು ಆಗುತ್ತದೆ. ಯಂತ್ರದ ಕಣ್ಣಿಗೆ ಬೀಳುವ ಮಟ್ಟವನ್ನು ಎಷ್ಟನೇ ಸುತ್ತಿನಲ್ಲಿ ಮುಟ್ಟಿತು ಅನ್ನುವ ಸಂಖ್ಯೆಯೇ ಸಿಟಿ ಮೌಲ್ಯ. ಸಂಖ್ಯೆ ಚಿಕ್ಕದಾದಷ್ಟೂ ವಸ್ತು ಜಾಸ್ತಿ ಇದೆ ಅಂತ ಅರ್ಥ. ಒಂದು ಸುತ್ತು ಮುಂಚೆ ಬಂದರೆ ಎರಡು ಪಟ್ಟು, ಹತ್ತು ಸುತ್ತು ಮುಂಚೆ ಬಂದರೆ ಸುಮಾರು ಸಾವಿರ ಪಟ್ಟು.

ಉದಾಹರಣೆಗೆ ಅಂತ ಮೂರು ಮರಿಗಳನ್ನು ಕಲ್ಪಿಸಿಕೊಳ್ಳಿ. ಹೋಲಿಕೆಗೆ ಇಟ್ಟ ಇಎಫ್1-ಆಲ್ಫಾ ಜೀನ್ ಮೂರರಲ್ಲೂ 16ನೇ ಸುತ್ತಿಗೆ ಬಂತು, ಹಾಗಾಗಿ ಮಾದರಿಯ ಪ್ರಮಾಣ ಸಮ ಅಂದುಕೊಳ್ಳೋಣ. ಸೋಂಕಿಲ್ಲದ ಮರಿಯಲ್ಲಿ ಎಂಎಕ್ಸ್ 28ಕ್ಕೆ ಬಂತು. ಸೂಕ್ಷ್ಮ ಮರಿಯಲ್ಲಿ 21ಕ್ಕೆ, ಗಟ್ಟಿ ಮರಿಯಲ್ಲಿ 24ಕ್ಕೆ. ಏಳು ಸುತ್ತಿನ ಅಂತರ ಅಂದರೆ 128 ಪಟ್ಟು. ನಾಲ್ಕು ಸುತ್ತಿನ ಅಂತರ ಅಂದರೆ 16 ಪಟ್ಟು. ಇಷ್ಟನ್ನೇ ಪಟ್ಟಿಯಲ್ಲಿ ಹಾಕಿದರೆ ಸೂಕ್ಷ್ಮ ಮರಿ ಎಂಟು ಪಟ್ಟು ಚೆನ್ನಾಗಿ ಹೋರಾಡಿದಂತೆ ಕಾಣುತ್ತದೆ.

ಈಗ ಅದೇ ಮಾದರಿಯಲ್ಲಿ ವೈರಸ್‌ನ ಆರ್‌ಎನ್‌ಎ ಅಳೆಯಿರಿ. ಸೂಕ್ಷ್ಮ ಮರಿಯಲ್ಲಿ 18, ಗಟ್ಟಿ ಮರಿಯಲ್ಲಿ 28 ಬಂತು ಅಂದುಕೊಳ್ಳಿ. ಹತ್ತು ಸುತ್ತು. ಸೂಕ್ಷ್ಮ ಮರಿಯೊಳಗೆ ಸಾವಿರ ಪಟ್ಟು ವೈರಸ್ ಇದೆ, ಅದಕ್ಕೆ ಎದುರಾಗಿ ಎಂಎಕ್ಸ್ ಬರೀ ಎಂಟು ಪಟ್ಟು ಜಾಸ್ತಿ. ವೈರಸ್ ಲೆಕ್ಕ ಪಕ್ಕದಲ್ಲಿಲ್ಲದ 128 ಪಟ್ಟು ಅನ್ನುವ ಸಂಖ್ಯೆಯಿಂದ ಮೀನಿನ ತಾಕತ್ತು ತಿಳಿಯುವುದಿಲ್ಲ. ವೈರಸ್ ಎಷ್ಟು ಬೆಳೆದಿದೆ ಅನ್ನುವುದರ ನೆರಳು ಮಾತ್ರ ಅದರಲ್ಲಿ ಕಾಣುತ್ತದೆ.

ಇದಲ್ಲದೆ ಇನ್ನೂ ಗೋಜಲುಗಳಿವೆ. ಮರಿ ತುಂಬಾ ಚಿಕ್ಕದಾದ್ದರಿಂದ ಎಷ್ಟೋ ಸಲ ಹಲವು ಅಂಗಗಳನ್ನು ಒಟ್ಟಿಗೆ ಅರೆದು ಆರ್‌ಎನ್‌ಎ ತೆಗೆಯುತ್ತಾರೆ. ಮೇದೋಜೀರಕದ ಕೋಶಗಳು ಸತ್ತರೆ ಟ್ರಿಪ್ಸಿನ್‌ನಂಥ ಜೀರ್ಣಕಾರಿ ಕಿಣ್ವಗಳ ಜೀನ್‌ಗಳು ‘ಇಳಿದಂತೆ’ ಕಾಣುತ್ತವೆ. ಆ ಜೀನನ್ನು ಯಾರೂ ಆರಿಸಿಲ್ಲ, ಆ ಕೋಶವೇ ಇಲ್ಲ. ಹಾಗೆಯೇ ಬಿಳಿ ರಕ್ತಕಣಗಳು ಗಾಯದ ಜಾಗಕ್ಕೆ ನುಗ್ಗಿದರೆ ನಿರೋಧಕ ಜೀನ್‌ಗಳು ‘ಏರಿದಂತೆ’ ಕಾಣುತ್ತವೆ. ಅಲ್ಲಿ ಬದಲಾದದ್ದು ಜೀನ್‌ನ ವರ್ತನೆಯೋ ಕೋಶಗಳ ಜನಗಣತಿಯೋ ಅಂತ ಅರೆದ ಮಾದರಿ ಹೇಳುವುದಿಲ್ಲ. 20ನೇ ದಿನದ ಸೂಕ್ಷ್ಮ ಮರಿಗಳ ವಿಷಯದಲ್ಲಿ ಇನ್ನೊಂದು ತೊಡಕು: ಆ ಹೊತ್ತಿಗೆ ಕೈಗೆ ಸಿಗುವುದು ಅಲ್ಲಿಯವರೆಗೆ ಸಾಯದೆ ಉಳಿದವು. ಅವುಗಳನ್ನು ಇಡೀ ಕುಟುಂಬದ ಪ್ರತಿನಿಧಿ ಅಂತ ಹೇಳಲು ಧೈರ್ಯ ಬೇಕು.

ಸಾಲ್ಮನ್‌ಗೇ ವಿಶೇಷವಾದ ತಲೆನೋವೂ ಒಂದಿದೆ. ಇದರ ಪೂರ್ವಜರಲ್ಲಿ ಸುಮಾರು 8 ಕೋಟಿ ವರ್ಷದ ಹಿಂದೆ ಇಡೀ ಜೀನೋಮ್ ಇಮ್ಮಡಿಯಾಯಿತು. ಎಷ್ಟೋ ಜೀನ್‌ಗಳಿಗೆ ಈಗಲೂ ಹತ್ತಿರದ ಜೋಡಿ ಇದೆ. ಪಿಸಿಆರ್‌ನಲ್ಲಿ ಅಳೆಯಬೇಕಾದ ಜೀನನ್ನು ಹುಡುಕಿ ಅಂಟುವ ಪುಟ್ಟ ಡಿಎನ್‌ಎ ತುಂಡು, ಅಂದರೆ ಪ್ರೈಮರ್, ಎರಡಕ್ಕೂ ಅಂಟಿಕೊಂಡರೆ ನೀವು ಅಳೆದದ್ದು ಯಾವುದನ್ನು?

ಯಾವ ಜೀನ್?

26ನೇ ಕ್ರೋಮೋಸೋಮ್‌ನ ಆ ಜಾಗದಲ್ಲಿ ಹಲವು ಜೀನ್‌ಗಳಿವೆ. 2015ರಲ್ಲಿ ಮೋಯೆನ್ ತಂಡ ಒಂದರತ್ತ ಬೊಟ್ಟು ಮಾಡಿತು. ಎಪಿಥೀಲಿಯಲ್ ಕ್ಯಾಡ್‌ಹೆರಿನ್, ಚಿಕ್ಕದಾಗಿ ಸಿಡಿಎಚ್1. ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೊಟೀನ್ ಅದು. ವೈರಸ್ ಅದಕ್ಕೆ ಅಂಟಿಕೊಳ್ಳುತ್ತದೆ, ಸೂಕ್ಷ್ಮ ಮರಿಗಳ ಲಿವರ್ ಕೋಶದೊಳಗೆ ಹೋಗುತ್ತದೆ, ಗಟ್ಟಿ ಮರಿಗಳಲ್ಲಿ ಹೋಗುವುದಿಲ್ಲ ಅನ್ನುವುದು ಅವರ ವಾದ. ಕೇಳಲು ಚೆಂದದ ವಿವರಣೆ. ವೈರಸ್ ಒಳಗೆ ಹೋಗದಿದ್ದರೆ ಇಂಟರ್‌ಫೆರಾನ್ ಏಳುವ ಪ್ರಮೇಯವೇ ಇಲ್ಲ, ಹಾಗಾಗಿ ಗಟ್ಟಿ ಮರಿಗಳು ತಣ್ಣಗಿದ್ದವು.

ಆದರೆ ಗಟ್ಟಿ ಮರಿಗಳಲ್ಲೂ ವೈರಸ್ ಸಿಕ್ಕಿತ್ತಲ್ಲ? 2021ರಲ್ಲಿ ರಾಸ್ಲಿನ್ ಕಡೆಯ ತಂಡ ಬೇರೆ ಉತ್ತರ ಕೊಟ್ಟಿತು. ಜೀನೋಮ್ ಓದು ಮತ್ತು ಜೀನ್ ಚಟುವಟಿಕೆಯ ಹೋಲಿಕೆ ಎರಡನ್ನೂ ಇಟ್ಟುಕೊಂಡು ಅವರು ಎನ್‌ಎಇ1 ಅನ್ನುವ ಜೀನ್ ಹತ್ತಿರ ಬಂದರು. ನೆಡ್8 ಅನ್ನುವ ಪುಟ್ಟ ಪ್ರೊಟೀನನ್ನು ಬೇರೆ ಪ್ರೊಟೀನ್‌ಗಳಿಗೆ ಅಂಟಿಸುವ ಕೆಲಸದ ಮೊದಲ ಹೆಜ್ಜೆಯಲ್ಲಿ ಇದರ ಪಾತ್ರ ಇದೆ. ಸಾಲ್ಮನ್ ಕೋಶಗಳಲ್ಲಿ ಕ್ರಿಸ್ಪರ್ ಅನ್ನುವ ಜೀನ್ ಕತ್ತರಿಸುವ ತಂತ್ರದಿಂದ ಈ ಜೀನ್ ಕೆಡಿಸಿದಾಗ ವೈರಸ್ ಬೆಳವಣಿಗೆ ಭಾರಿ ಕುಸಿಯಿತು. ಜೀನ್ ಮುಟ್ಟದೆ ಅದರ ಪ್ರೊಟೀನನ್ನು ಔಷಧಿಯಿಂದ ತಡೆದಾಗಲೂ ಹಾಗೇ ಆಯಿತು. ಸಿಡಿಎಚ್1 ಕೆಡಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ನನಗೆ ಎರಡನೆಯದರ ತೂಕವೇ ಜಾಸ್ತಿ ಕಾಣುತ್ತದೆ. ವೈರಸ್ ಒಳಗೆ ಬಂದರೂ ಬೆಳೆಯಲು ಬೇಕಾದ ಸಲಕರಣೆ ಸಿಗದೆ ಕುಂಟುತ್ತದೆ ಅಂದರೆ ಗಟ್ಟಿ ಮರಿಗಳಲ್ಲಿ ಕಂಡ ಕಡಿಮೆ ವೈರಸ್, ಮಿತವಾದ ಪ್ರತಿಕ್ರಿಯೆ ಎರಡೂ ಹೊಂದುತ್ತವೆ. ಅಂದಹಾಗೆ ಸಿಡಿಎಚ್1 ಆಗಲಿ ಎನ್‌ಎಇ1 ಆಗಲಿ ನಿರೋಧಕ ಜೀನ್‌ಗಳ ಪಟ್ಟಿಯಲ್ಲಿ ಬರುವಂಥವಲ್ಲ. ಕೋಶದ ದಿನನಿತ್ಯದ ಕೆಲಸದವು. ಬರೀ ಏರಿದ ಇಂಟರ್‌ಫೆರಾನ್ ಜೀನ್‌ಗಳ ಬೆನ್ನು ಹತ್ತಿದ್ದರೆ ಇವೆರಡರಲ್ಲಿ ಒಂದೂ ಸಿಗುತ್ತಿರಲಿಲ್ಲ.

ಸಾಕಣೆಯಲ್ಲಿ ಆದದ್ದು

ಸಾಕುವವರು ಈ ಜಗಳ ಮುಗಿಯಲಿ ಅಂತ ಕಾಯಲಿಲ್ಲ, ಕಾಯಬೇಕಾದ ಅಗತ್ಯವೂ ಇರಲಿಲ್ಲ. ನಿಖರ ಜೀನ್ ಗೊತ್ತಿಲ್ಲದಿದ್ದರೂ ಅದರ ಪಕ್ಕದ ಡಿಎನ್‌ಎ ಗುರುತು ಸಾಕು. ತಂದೆ ತಾಯಿ ಮೀನಿನ ರೆಕ್ಕೆಯ ಒಂದು ಚೂರು ತೆಗೆದು ಪರೀಕ್ಷೆ ಮಾಡಿದರೆ ರೋಗ ತಡೆಯುವ ಒಳ್ಳೆಯ ಜೀನ್ ಪ್ರತಿ ಇದೆಯೋ ಇಲ್ಲವೋ ತಿಳಿಯುತ್ತದೆ. ನಾರ್ವೆಯ ಆಕ್ವಾಜೆನ್ ಕಂಪನಿ 2009ರಿಂದಲೇ ಹೀಗೆ ಆರಿಸಿದ ಮೀನುಗಳ ಮೊಟ್ಟೆ ಮಾರಲು ಶುರು ಮಾಡಿತು. ಒಂದು ಗುಣದ ಮೇಲೆ ಪ್ರಭಾವ ಬೀರುವ ಕ್ರೋಮೋಸೋಮ್ ಜಾಗಕ್ಕೆ ಕ್ಯೂಟಿಎಲ್ ಅನ್ನುತ್ತಾರೆ, ಹಾಗಾಗಿ ಸಾಕುವವರ ಬಾಯಲ್ಲಿ ಅವು ‘ಕ್ಯೂಟಿಎಲ್ ಮೊಟ್ಟೆ’ಗಳಾದವು.

ನಾರ್ವೆಯಲ್ಲಿ 2009ರಲ್ಲಿ ಐಪಿಎನ್ 223 ಕಡೆ ಕಾಣಿಸಿಕೊಂಡಿತ್ತು. 2012ರಲ್ಲಿ 119. 2015ರಲ್ಲಿ 30. ಇದರ ಪೂರ್ತಿ ಶ್ರೇಯ ಜೀನ್‌ಗೆ ಕೊಡುವುದು ಸರಿಯಲ್ಲ. ಅದೇ ವರ್ಷಗಳಲ್ಲಿ ಮರಿ ಕೇಂದ್ರಗಳು ಪೈಪು ತೊಟ್ಟಿಗಳನ್ನು ತಿಕ್ಕಿ ತೊಳೆದು ‘ಮನೆ ತಳಿ’ಗಳನ್ನು ಓಡಿಸುವ ಕೆಲಸವನ್ನೂ ಮಾಡಿದವು. ಎರಡೂ ಒಟ್ಟಿಗೆ ನಡೆದದ್ದರಿಂದ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ.

ಇಲ್ಲಿಗೆ ಕಥೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. 2021ರಲ್ಲಿ ನಾರ್ವೆಯಿಂದ ಒಂದು ವರದಿ ಬಂತು. ತಂದೆಯಿಂದ ಬಂದದ್ದು, ತಾಯಿಯಿಂದ ಬಂದದ್ದು ಎರಡೂ ಪ್ರತಿ ಗಟ್ಟಿ ಇರುವ ಮೀನುಗಳಲ್ಲೂ ಐಪಿಎನ್ ಸಾವು. ಅವುಗಳಿಂದ ತೆಗೆದ ವೈರಸ್ ಹೊಸ ರೂಪದ್ದಾಗಿತ್ತು, ಅದರ ಹೊರಕವಚದ ವಿಪಿ2 ಪ್ರೊಟೀನಿನಲ್ಲಿ ಬದಲಾವಣೆಗಳಿದ್ದವು. ವಿಪಿ2 ಹೊಸ ಹೆಸರೇನಲ್ಲ. ಅದರ 217 ಮತ್ತು 221ನೇ ಸ್ಥಾನದ ಅಮೈನೋ ಆಮ್ಲಗಳು ವೈರಸ್ ಎಷ್ಟು ಉಗ್ರ ಅನ್ನುವುದನ್ನು ನಿರ್ಧರಿಸುತ್ತವೆ ಅಂತ ಮೊದಲಿನಿಂದ ಗೊತ್ತಿತ್ತು. 217ರಲ್ಲಿ ಥ್ರಿಯೊನಿನ್, 221ರಲ್ಲಿ ಅಲನಿನ್ ಇದ್ದರೆ ಉಗ್ರ. 217ರಲ್ಲಿ ಪ್ರೋಲಿನ್, 221ರಲ್ಲಿ ಥ್ರಿಯೊನಿನ್ ಇದ್ದರೆ ಸೌಮ್ಯ. ಲಕ್ಷಾಂತರ ಮೀನುಗಳಿಗೆ ಒಂದೇ ಬಗೆಯ ತಡೆ ಇರುವಾಗ ಅದನ್ನು ದಾಟಿದ ವೈರಸ್‌ಗೆ ಎಷ್ಟು ದೊಡ್ಡ ಲಾಭ ಇದೆ ಅನ್ನುವುದು ಊಹಿಸಲು ಕಷ್ಟವಲ್ಲ.

ಹಾಗಾಗಿ ಈಗ ಕ್ಯೂಟಿಎಲ್ ಮೀನು ಐಪಿಎನ್‌ನಿಂದ ಸತ್ತರೆ ಒಂದು ಪರೀಕ್ಷೆ ಸಾಲುವುದಿಲ್ಲ. ಮೊದಲು ಸತ್ತ ಮೀನಿನ ಡಿಎನ್‌ಎ ನೋಡಬೇಕು, ನಿಜಕ್ಕೂ ಗಟ್ಟಿ ಪ್ರತಿಯೇ ಇತ್ತಾ ಅಂತ. ಇದ್ದರೆ ವೈರಸ್‌ನ ವಿಪಿ2 ಓದಿಸಬೇಕು. ಜೀನ್ ಚಟುವಟಿಕೆ ಅಳೆಯುವುದಾದರೆ ಸಾಯುವ ಹಂತದ ಮರಿಗಳನ್ನಷ್ಟೇ ಆರಿಸದೆ, ಮೊದಲ ದಿನಗಳಿಂದಲೇ ಮಾದರಿ ತೆಗೆದು, ಪ್ರತಿ ಮೀನಿನ ವೈರಸ್ ಪ್ರಮಾಣವನ್ನೂ ಅದೇ ನಳಿಕೆಯಿಂದ ಅಳೆದು ಪಕ್ಕದಲ್ಲಿ ಬರೆದಿಡಬೇಕು.